ಗಿಲ್‌ಜುನ್ ಅಣ್ಣ ಒಪ್ಪಿಕೊಂಡ ತಪ್ಪು

ನಮ್ಮ ಔಷಧಿ ಬೀದಿಯಲ್ಲಿ ಏನಾದರೂ ಒಡೆದರೆ, ಯಾರು ಒಡೆದರೆಂದು ಹುಡುಕುವ ಪದ್ಧತಿಯೇ ಇರಲಿಲ್ಲ. ಗಿಲ್‌ಜುನ್ ಅಣ್ಣ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು "ನಾನೇ ಕಣ್ರಪ್ಪ, ಬಿಡಿ ಅತ್ಲಾಗೆ" ಎಂದುಬಿಡುತ್ತಿದ್ದ. ಒಮ್ಮೆ ಹಿಟ್ಟಿನ ಲಾರಿಯವನು ಹಿಂದಕ್ಕೆ ಬಂದು ನನ್ನ ಶಾವಿಗೆ ಅಂಗಡಿಯ ಗಾಜು ಒಡೆದ. ಅವನಿನ್ನೂ ಲಾರಿಯಿಂದ ಇಳಿದಿರಲಿಲ್ಲ, ಅಷ್ಟರಲ್ಲಿ ಅಣ್ಣ ಓಡಿ ಬಂದು, ಬಾ ಬಾ ಎಂದು ಕೈ ತೋರಿಸಿದವನು ತಾನೇ, ತಪ್ಪು ತನ್ನದೇ ಎಂದ. ಆ ಹೊತ್ತಿನಲ್ಲಿ ಅವನು ಎದುರು ಮಳಿಗೆಯೊಳಗೆ ಕಷಾಯದ ಮುಂದೆ ನಿಂತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಬೀದಿಯವರು ಅವನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ನಾನು ಎಂದೂ ಹಾಗೆ ಅಂದವಳಲ್ಲ. ಕಂಡವರ ತಪ್ಪನ್ನೆಲ್ಲ ಹೊತ್ತುಕೊಳ್ಳುವವನಿಗೆ ತಪ್ಪು ಯಾರದು ಎಂದು ತಿಳಿಯುವ ಗೊಡವೆಯೇ ಇರುವುದಿಲ್ಲ. ಜಗಳ ತಪ್ಪಿದರೆ ಸಾಕು, ಅವನು ಹಾಯಾಗಿ ಊಟ ಮಾಡಿ ಮಲಗುತ್ತಾನೆ. ಇದನ್ನು ಒಳ್ಳೆಯತನ ಎನ್ನಬೇಕೋ ಸೋಮಾರಿತನ ಎನ್ನಬೇಕೋ ಎಂದು ಅವನ ಮುಖದೆದುರೇ ಕೇಳಿದ್ದೇನೆ. "ನೀನು ಶಾವಿಗೆ ಕುಯ್ಯಿ ತಾಯಿ, ನನ್ನನ್ನ ಯಾಕೆ ಕುಯ್ತೀಯ" ಎಂದು ನಗುತ್ತಿದ್ದ.

ಅವನ ಕಸುಬು ಕಷಾಯ ಕುದಿಸುವುದು. ಕೊರಿಯಾದ ನಮ್ಮ ದೇಗು ಊರಿನಲ್ಲಿ ಆ ಬೀದಿಗೆ ಕಾಲಿಟ್ಟರೆ ಮೂಗೇ ದಾರಿ ತೋರಿಸುತ್ತದೆ. ನಾಟಿ ವೈದ್ಯರು ಬರೆದುಕೊಟ್ಟ ಬೇರು, ತೊಗಟೆ, ಒಣಹಣ್ಣುಗಳನ್ನು ಜನ ಇವನಲ್ಲಿಗೆ ತರುತ್ತಿದ್ದರು. ಇವನು ಕುದಿಸಿ, ಹಿಂಡಿ, ಪಾಕೀಟುಗಳಲ್ಲಿ ತುಂಬಿ ಬಾಯಿ ಮುಚ್ಚಿ ಕೊಡುತ್ತಿದ್ದ. ಅವನ ಹೆಂಡತಿ ಮಾಲ್‌ಸುನ್ ಅತ್ತಿಗೆ ಪಾಕೀಟುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು. ಅವಳು ಬೀದಿಯವರ ಕಷ್ಟಕ್ಕೆಲ್ಲ ಕರಗುವ ಹೆಂಗಸು, ಕೈ ಸ್ವಲ್ಪ ಉದ್ದ. ಗಿರಾಕಿಯ ಪೆಟ್ಟಿಗೆಯಿಂದ ಎರಡು ಪಾಕೀಟು ಎತ್ತಿ ಕೆಮ್ಮುವವರ ಕೈಗೆ ತುರುಕಿಬಿಡುತ್ತಿದ್ದಳು. ಗಂಡನಿಗೆ ಗೊತ್ತಾದರೆ, ಎಣಿಸುವಾಗ ತನ್ನದೇ ಲೆಕ್ಕ ತಪ್ಪಿತು ಎಂದು ಅವನು ಗಿರಾಕಿಯ ಕ್ಷಮೆ ಕೇಳುತ್ತಿದ್ದ. ಹೀಗೆ ನಡೆದಿತ್ತು ಸಂಸಾರ.

ಮಗ ಹೋಸಿಕ್ ಉಲ್ಸಾನಿನ ಕಾರು ಕಾರ್ಖಾನೆಯಲ್ಲಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಸೊಸೆ ಯೊನ್‌ಸು ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅವರ ಒಬ್ಬಳೇ ಮಗಳು ಸೋದಮ್ ಶಾಲೆ ಬಿಟ್ಟ ಮೇಲೆ ಅಜ್ಜನ ಮಳಿಗೆಗೆ ಬಂದು, ಅಲ್ಲಿ ಬಿಸಿ ಹೆಚ್ಚೆಂದು ನನ್ನ ಅಂಗಡಿಯ ಮೂಲೆ ಮೇಜಿನಲ್ಲಿ ಲೆಕ್ಕ ಮಾಡುತ್ತಾ ಕೂರುತ್ತಿದ್ದಳು. ನಾಲ್ಕನೇ ತರಗತಿಯ ಹುಡುಗಿ. ಎರಡು ಜಡೆ, ಬಾಯಿ ತುಂಬ ಪ್ರಶ್ನೆ.

ಆ ವರ್ಷ ಅವಳ ಪ್ರಶ್ನೆಗಳು ಕಮ್ಮಿಯಾದವು. ತಟ್ಟೆಯಲ್ಲಿ ಶಾವಿಗೆ ಹಾಗೇ ಉಳಿಯತೊಡಗಿತು. ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡುವಳು, ಬರುವಾಗ ತುಟಿ ಬೆಳ್ಳಗಿರುತ್ತಿತ್ತು. ಒಂದು ದಿನ ನಾನು ನೀರು ಹಾಕಲು ಹೋದಾಗ ರಕ್ತ ಕಂಡೆ. ದೊಡ್ಡಾಸ್ಪತ್ರೆಯಲ್ಲಿ ಕರುಳಿನೊಳಗೆ ಕೊಳವೆ ಇಳಿಸಿ ನೋಡಿ, ಇದು ಕ್ರೋನ್ಸ್ ಎಂಬ ಕಾಯಿಲೆ, ಕರುಳು ತಾನಾಗಿಯೇ ಹುಣ್ಣಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದರು.

ಯೊನ್‌ಸು ಅವತ್ತೇ ಮಾವನ ಮುಂದೆ ಮಂಡಿಯೂರಿ ಕೂತು ಕೇಳಿಕೊಂಡಳು.

"ಮಾವ, ನಿಮ್ಮ ಕಸುಬಿನ ಬಗ್ಗೆ ನನಗೆ ಗೌರವ ಇದೆ. ಆದ್ರೆ ಸೋದಮ್‌ಗೆ ಒಂದು ತೊಟ್ಟು ಕಷಾಯ ಕೊಡಬೇಡಿ. ಬೇರೆ ಔಷಧಿ ಬೆರೆತ್ರೆ ಅಪಾಯ ಅಂತ ಡಾಕ್ಟರ್ ಸಾರಿ ಸಾರಿ ಹೇಳಿದಾರೆ."

"ಕೊಡಲ್ಲಮ್ಮ. ನನ್ನ ಕೈ ಮೇಲಾಣೆ."

ಬೀದಿಯವರು ಬಿಡುತ್ತಾರೆಯೇ? ಕಷಾಯದವನ ಮೊಮ್ಮಗಳಿಗೇ ಕಷಾಯವಿಲ್ಲ, ದೀಪದ ಕೆಳಗೇ ಕತ್ತಲೆ ಎಂದು ಹಲ್ಲು ಕಿರಿದರು. ಒಬ್ಬ ಮುದುಕ ವೈದ್ಯನಂತೂ ಸೊಸೆಗೆ ಹೆದರುವ ಗಂಡಸು ಎಂದು ಅವನ ಮುಖಕ್ಕೇ ಹೇಳಿದ. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಕೊಟ್ಟ ಮಾತನ್ನು ಉಳಿಸಿಕೊಂಡ, ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಮಕ್ಕಳ ಕರುಳಿನ ಡಾಕ್ಟರ್ ಒಬ್ಬರಿದ್ದರು, ಮಾ ಎಂದು ಮನೆತನದ ಹೆಸರು, ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಮೊದಲು ಉರಿ ಇಳಿಸುವ ಔಷಧಿ ಕೊಟ್ಟರು. ಹುಡುಗಿಯ ಮುಖ ಊದಿತು, ರಕ್ತ ನಿಂತಿತು. ಅದನ್ನು ಬಹಳ ದಿನ ಕೊಡುವಂತಿಲ್ಲ, ಬೆಳೆಯುವ ಮಗುವಿನ ಮೂಳೆಗೆ ಕೇಡು ಎಂದು ಒಂದು ಹಳದಿ ಮಾತ್ರೆ ಬರೆದರು. ಆ ಮಾತ್ರೆ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ, ಹುಟ್ಟಿನಿಂದ ಬಂದ ಜೀನ್‌ನಲ್ಲಿ ಒಂದು ದೋಷವಿದ್ದರೆ ಅದು ವಿಷವಾಗುತ್ತದೆ, ಅದಕ್ಕಾಗಿ ಮೊದಲು ರಕ್ತ ನೋಡುತ್ತೇವೆ ಎಂದರು. ನೋಡಿದರು. ದೋಷ ಇರಲಿಲ್ಲ. ಮಾತ್ರೆ ಶುರುವಾಯಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ಕೆಲವು ವಾರ ಕಳೆದಿರಬೇಕು. ಸೋದಮ್ ನನ್ನ ಅಂಗಡಿಯಲ್ಲಿ ಕೂತು ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು. "ಅತ್ತೆ, ಇಲ್ನೋಡಿ" ಎಂದಳು. ಕೈಯಲ್ಲಿ ಅರ್ಧ ಜಡೆಯೇ ಬಂದಿತ್ತು. ಅವಳು ಅಳಲಿಲ್ಲ. ಅದನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಮೇಜಿನ ಮೇಲಿಟ್ಟಳು. ಎರಡು ದಿನದಲ್ಲಿ ತಲೆ ಅಲ್ಲಲ್ಲಿ ಬೋಳಾಯಿತು, ಬಾಯೊಳಗೆ ಹುಣ್ಣೆದ್ದಿತು, ಮೈ ಕೆಂಡವಾಯಿತು. ಯೊನ್‌ಸು ಮಗುವನ್ನು ಬೆನ್ನಿಗೆ ಹಾಕಿಕೊಂಡು ಟ್ಯಾಕ್ಸಿಗೆ ಓಡಿದಳು. ಅಣ್ಣ, ಅತ್ತಿಗೆ ಇನ್ನೊಂದು ಟ್ಯಾಕ್ಸಿ ಹತ್ತಿದರು. ನೀನೂ ಬಾ ಎಂದು ಅತ್ತಿಗೆ ಕರೆದಳು, ಹಾಗಾಗಿ ಅವಳ ತೋಳು ಹಿಡಿದು ನಾನೂ ಹೋದೆ.

ರಕ್ತದಲ್ಲಿ ಬಿಳಿ ಕಣಗಳೇ ಉಳಿದಿರಲಿಲ್ಲ. ಯಾವ ಸೋಂಕು ಬಂದರೂ ತಡೆಯುವ ಶಕ್ತಿ ಆ ಮೈಯಲ್ಲಿಲ್ಲ ಎಂದರು. ಡಾಕ್ಟರ್ ಮಾ ಮಂಚದ ಪಕ್ಕಕ್ಕೇ ಬಂದು ನಿಂತು ನಮ್ಮೆಲ್ಲರನ್ನೂ ನೋಡಿ ಕೇಳಿದರು.

"ಮಗುವಿಗೆ ನಾಟಿ ಕಷಾಯ ಏನಾದ್ರೂ ಕುಡಿಸಿದ್ರಾ? ಬೈಯೋಕೆ ಕೇಳ್ತಿಲ್ಲ. ನನಗೆ ನಿಜ ಬೇಕು. ಈ ಮಾತ್ರೆಗೆ ಅವಳ ಜೀನ್ ಸರಿಯಾಗಿದೆ. ಬೇರೆ ಏನೋ ಒಳಗೆ ಹೋಗಿರಬೇಕು."

ಎಲ್ಲರ ಕಣ್ಣೂ ಗಿಲ್‌ಜುನ್ ಅಣ್ಣನ ಮೇಲೆ. ಅವನ ಅಂಗಿಯಲ್ಲಿ ಇನ್ನೂ ಕಷಾಯದ ವಾಸನೆ ಇತ್ತು. ಅವನು ಹೆಂಡತಿಯ ಕಡೆ ತಿರುಗಿದ. ಅವಳು ತಲೆ ತಗ್ಗಿಸಿ ಗಡಗಡ ನಡುಗುತ್ತಿದ್ದಳು. ಆ ನಡುಕ ನನ್ನ ತೋಳಿಗೂ ಬರುತ್ತಿತ್ತು.

"ನಾನೇ ಕೊಟ್ಟೆ," ಎಂದ ಅಣ್ಣ.

ಯಾವುದು, ಎಷ್ಟು ದಿನದಿಂದ ಎಂದು ಡಾಕ್ಟರ್ ಕೇಳಿದರು. ಅವನು ತಡವರಿಸಲಿಲ್ಲ. ಜಿನ್‌ಸೆಂಗ್, ಜ್ಯೇಷ್ಠಮಧು, ಶುಂಠಿ, ಇನ್ನೂ ಏನೇನೋ ಬೇರು. ದಿನಾ ಸಂಜೆ ಒಂದು ಲೋಟ. ಮಾತ್ರೆ ಶುರುವಾದಾಗಿನಿಂದ. ಡಾಕ್ಟರ್ ತಲೆಯಾಡಿಸಿದರು. ಸೋದಮ್ ಜ್ವರದಲ್ಲೇ ಕಣ್ಣು ಬಿಟ್ಟು ಅಜ್ಜನನ್ನು ನೋಡಿದಳು, ಮತ್ತೆ ಮುಚ್ಚಿದಳು. ಯೊನ್‌ಸು ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಕೂಗಾಡಲಿಲ್ಲ.

"ಮಾವ, ದಯವಿಟ್ಟು ಇಲ್ಲಿಂದ ಹೋಗಿ. ಇನ್ನು ಬರಬೇಡಿ," ಎಂದಳು.

ಅವತ್ತೇ ಹುಡುಗಿಯನ್ನು ಗಾಜಿನ ಕೋಣೆಯಲ್ಲಿ ಮಲಗಿಸಿದರು. ಮಾತ್ರೆ ನಿಲ್ಲಿಸಿ, ಸೂಜಿ ಮೇಲೆ ಸೂಜಿ ಚುಚ್ಚಿದರು. ಜೀವ ಹೋಗುತ್ತದೋ ಉಳಿಯುತ್ತದೋ ಎಂಬಂತಿದ್ದದ್ದು ನಿಧಾನಕ್ಕೆ ಉಳಿಯುವ ಕಡೆಗೆ ವಾಲಿತು. ಬಿಳಿ ಕಣ ಒಂದೊಂದೇ ಹುಟ್ಟಿದವು. ಇತ್ತ ಬೀದಿಯಲ್ಲಿ, ಹಿಂದೆ ಹಲ್ಲು ಕಿರಿದ ಅದೇ ಬಾಯಿಗಳು, ಮೊಮ್ಮಗಳಿಗೇ ವಿಷ ಹಾಕಿದವ ಎಂದವು. ಗಿರಾಕಿಗಳು ಬೇರೆ ಮಳಿಗೆಗೆ ತಿರುಗಿದರು. ಅಣ್ಣ ಎಲ್ಲವನ್ನೂ ನುಂಗಿಕೊಂಡು ಬಾಗಿಲು ಗುಡಿಸುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿದ್ದೇನೆ, ಕಾಯಿ ಕದಿಯದೆಯೂ ಹೆಗಲು ಮುಟ್ಟಿಕೊಳ್ಳುವವನನ್ನು ಮಾತ್ರ ಇವನಲ್ಲೇ ಕಂಡದ್ದು. ಆದರೆ ಅದು ಆಗ ನನಗೂ ಗೊತ್ತಿರಲಿಲ್ಲ. ಇವನೇ ಕೊಟ್ಟಿದ್ದಾನೆಂದು ನಾನೂ ನಂಬಿ, ಅವನ ಜೊತೆ ಮಾತು ಬಿಟ್ಟಿದ್ದೆ.

ಮಾಲ್‌ಸುನ್ ಅತ್ತಿಗೆಯೂ ಗಂಡನ ಜೊತೆ ಮಾತು ಬಿಟ್ಟಿದ್ದಳು. ಒಂದು ಸೋಮವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಬೆಳ್ಳುಳ್ಳಿ ಬಿಡಿಸಲು ಕೂತಳು. ಹೋಸಿಕ್ ಫೋನ್ ಮಾಡಿದ್ದನಂತೆ. ರಕ್ತ ಸುಧಾರಿಸಿದೆ, ಕರುಳಿನ ಉರಿ ಮತ್ತೆ ಏಳುವ ಹಾಗಿದೆ, ಅದಕ್ಕೆ ಹಳದಿ ಮಾತ್ರೆಯನ್ನು ಅರ್ಧದಿಂದ ಮತ್ತೆ ಶುರು ಮಾಡುತ್ತಾರಂತೆ. ಕಷಾಯವೇ ಕಾರಣ ಎಂದು ಗೊತ್ತಾದ ಮೇಲೆ ಇನ್ನೇನು ಭಯ?

"ಯಾವತ್ತಿಂದ?" ಎಂದೆ.

"ಇವತ್ತೇ. ಮಧ್ಯಾಹ್ನದ ಗಂಜಿ ಆದ ಮೇಲೆ." ಬೆಳ್ಳುಳ್ಳಿ ಸಿಪ್ಪೆ ಒತ್ತಟ್ಟಿಗೆ ಸರಿಸಿ, "ನಿನ್ನ ಮಂಡಿ ನೋವು ಹೇಗಿದೆ?" ಎಂದಳು.

"ನೀನು ಕೊಟ್ಟ ಪಾಕೀಟು ಕುಡಿದಾಗ ಕಮ್ಮಿ ಇತ್ತು. ಈಗ ಮತ್ತೆ ಶುರು."

"ಮೆಲ್ಲಗೆ ಮಾತಾಡೇ! ಅವರಿಗೆ ಗೊತ್ತಿಲ್ಲ. ಪೆಟ್ಟಿಗೇಲಿ ಪಾಕೀಟು ಕಮ್ಮಿ ಇದೆ ಅಂತ ಅವರು ಹುಡುಕಾಡ್ತಿದ್ರು. ನನ್ನ ಮುಖಾನೇ ನೋಡಿದ್ರು. ನಾನು ಬಾಯಿ ಬಿಡಲಿಲ್ಲ. ಆ ವಾರಾನೇ ಮಗು ಮಲಗಿದ್ದು."

ನನ್ನ ಕೈಯ ಕತ್ತಿ ಹಿಟ್ಟಿನ ಮೇಲೇ ನಿಂತಿತು.

"ಅತ್ತಿಗೆ, ನನ್ನ ಕಡೆ ನೋಡು. ಸೋದಮ್‌ಗೆ ನೀನೇನಾದ್ರೂ ಕುಡಿಸಿದ್ಯಾ?"

"ಅಯ್ಯೋ ನಿನ್ನ! ನಾನ್ಯಾಕೆ ಕುಡಿಸ್ಲಿ? ಕುಡಿಸಿದ್ದು ಆ ಮುದುಕ."

"ನೀನು ಕಣ್ಣಲ್ಲಿ ಕಂಡ್ಯಾ?"

"ಅವರೇ ಹೇಳಿದ್ರಲ್ಲ."

"ಮತ್ತೆ ಆವತ್ತು ಆಸ್ಪತ್ರೆಲಿ ಯಾಕೆ ಹಾಗೆ ನಡುಗಿದ್ದೆ?"

"ಡಾಕ್ಟರ್ ಕಷಾಯ ಅಂದ ತಕ್ಷಣ ಇವರೇ ಕೊಟ್ಟಿರ್ತಾರೆ ಅನ್ನಿಸ್ತು. ಸೊಸೆ ಮುಂದೆ ಇವರ ಮಾನ ಹೋಗುತ್ತಲ್ಲ ಅಂತ ನಡುಗಿದೆ."

ನಾನು ಹಿಟ್ಟಿನ ಕೈಯಲ್ಲೇ ಅವಳ ರಟ್ಟೆ ಹಿಡಿದು ಬೀದಿ ದಾಟಿಸಿದೆ. ಅಣ್ಣ ಒಬ್ಬನೇ ಕೂತು ಬೇರು ಕತ್ತರಿಸುತ್ತಿದ್ದ.

"ಅಣ್ಣಾ, ಮಗೂಗೆ ಏನು ಕೊಟ್ಟೆ? ನಿಜ ಹೇಳು."

"ಈಗ್ಯಾಕಮ್ಮ ಆ ಮಾತು. ಆಗಿದ್ದು ಆಯ್ತು."

"ಆಗಿಲ್ಲ, ಆಗೋದು ಇನ್ನೂ ಇದೆ. ಆ ಪಾಕೀಟು ಕುಡಿದಿದ್ದು ನಾನು. ಅತ್ತಿಗೆ ನನ್ನ ಮಂಡಿಗೆ ಕೊಟ್ಟಿದ್ಲು. ಈಗ ಹೇಳು, ಮಗೂಗೆ ನೀನು ಏನು ಕೊಟ್ಟೆ?"

ಅವನು ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಅಷ್ಟು ವರ್ಷ ಒಂದೇ ತಟ್ಟೆಯ ಕಿಮ್ಚಿ ತಿಂದ ಇಬ್ಬರು, ಒಂದು ಮಾತು ಕೇಳಿಕೊಂಡಿರಲಿಲ್ಲ.

"ಏನೂ ಕೊಟ್ಟಿಲ್ಲ," ಎಂದ ಅಣ್ಣ. "ಪಾಕೀಟು ಕಮ್ಮಿ ಇತ್ತಲ್ಲ, ಇವಳು ಮಗೂಗೆ ಕೊಟ್ಟಿದ್ದಾಳೆ ಅಂದ್ಕೊಂಡೆ. ಸೊಸೆ ಎದುರಿಗೆ ಅತ್ತೆಯಾದವಳು ತಲೆ ತಗ್ಗಿಸಬಾರದು ಅಂತ..."

"ಹಾಗಾದ್ರೆ ಆ ಮಗುವಿನ ಹೊಟ್ಟೆಗೆ ಹೋಗಿದ್ದೇನು?"

ಅವನು ಬೇರಿನ ಕತ್ತಿ ಪಕ್ಕಕ್ಕಿಟ್ಟು ಎದ್ದ. ಮಾತ್ರೆ ಬಿಟ್ಟರೆ ಬೇರೇನೂ ಹೋಗಿರಲಿಲ್ಲ. ಆ ಮಾತ್ರೆಯನ್ನು ಇವತ್ತು ಮಧ್ಯಾಹ್ನ ಮತ್ತೆ ಕೊಡುತ್ತಾರೆ, ಇವನ ಒಂದು ಸುಳ್ಳನ್ನು ನಂಬಿ.

ಅಣ್ಣ ಸೊಸೆಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅವನ ಹೆಸರು ಕಂಡರೆ ಎತ್ತುತ್ತಿರಲಿಲ್ಲ. ನನ್ನ ಫೋನಿಂದ ಮಾಡಿದೆ, ಅದನ್ನೂ ಎತ್ತಲಿಲ್ಲ. ಆಸ್ಪತ್ರೆಗೆ ಮಾಡಿದರೆ ಒಂದು ಯಂತ್ರದ ದನಿ, ಒಂದು ಒತ್ತಿ ಎರಡು ಒತ್ತಿ ಎಂದು ನಮ್ಮನ್ನು ಸುತ್ತಿಸಿತು. ಹೋಸಿಕ್ ಕಾರ್ಖಾನೆಯ ಪಾಳಿಯಲ್ಲಿದ್ದ, ಅಲ್ಲಿ ಫೋನ್ ಹೊರಗಿಟ್ಟು ಹೋಗಬೇಕು. ಕಷಾಯದ ಪಾತ್ರೆ ಉಕ್ಕಿ ಒಲೆ ಆರಿತು. ಯಾರೂ ಆ ಕಡೆ ತಿರುಗಲಿಲ್ಲ.

ಟ್ಯಾಕ್ಸಿಯಲ್ಲಿ ಅಣ್ಣ ಮುಂದಿನ ಸೀಟಿನಲ್ಲಿ ಕೂತು ಎರಡೂ ಕೈ ಮಂಡಿಯ ಮೇಲಿಟ್ಟಿದ್ದ. ಎಲ್ಲಾ ಸಿಗ್ನಲ್ಲಿನಲ್ಲೂ ಕೆಂಪು. "ಸ್ವಲ್ಪ ಬೇಗಪ್ಪಾ" ಎಂದರೆ ಚಾಲಕ, "ಹಾರೋಕಾಗುತ್ತಾ ಅಜ್ಜ, ಸುಮ್ನೆ ಕೂತ್ಕೊಳ್ಳಿ" ಎಂದ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಹಿಂದಿನಿಂದಲೇ ಅಣ್ಣನಿಗೆ ಹೇಳಿದೆ, "ದೊಡ್ಡ ಮನಸ್ಸಿನವನೇ, ಯಾರನ್ನ ಕಾಪಾಡೋಕೆ ಹೋಗಿ ಯಾರನ್ನ ಕೊಲ್ತಿದ್ದೀಯ ನೋಡು." ಅತ್ತಿಗೆ ನನ್ನ ತೊಡೆ ಚಿವುಟಿದಳು. ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮಕ್ಕಳ ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. ತಾಯಿಯೊಬ್ಬಳನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ ಎಂದಳು. ಅಣ್ಣ ಅವಳ ಕೈಯ ಕೆಳಗೆ ನುಸುಳಿ ಒಳಗೆ ಹೋಗಿಯೇಬಿಟ್ಟ. ಬದುಕಿನಲ್ಲಿ ಯಾರ ಮಾತನ್ನೂ ಮೀರದವನು. ಅವನ ಹಿಂದೆ ನಾವಿಬ್ಬರು. ಕೋಣೆಯಲ್ಲಿ ಗಂಜಿಯ ಬಟ್ಟಲು ಖಾಲಿಯಾಗಿತ್ತು. ಯೊನ್‌ಸು ನೀರಿನ ಲೋಟ ಹಿಡಿದು ನಿಂತಿದ್ದಳು. ಸೋದಮ್ ಬೋಳುತಲೆಗೆ ಹತ್ತಿ ಟೋಪಿ ಹಾಕಿಕೊಂಡು ಕೂತಿದ್ದಳು, ಅಂಗೈಯಲ್ಲಿ ಅರ್ಧ ಮಾತ್ರೆ.

"ಕೊಡಬೇಡ! ಯೊನ್‌ಸು, ಅದನ್ನ ಕೊಡಬೇಡ!" ಎಂದು ಅಣ್ಣ ಕೂಗಿದ.

ಯೊನ್‌ಸು ಮಗಳಿಗೆ ಅಡ್ಡ ನಿಂತಳು. "ಯಾಕೆ ಬಂದ್ರಿ ನೀವು? ಮಾಡಿದ್ದು ಸಾಲದಾ?"

"ನಾನು ಕಷಾಯ ಕೊಟ್ಟಿಲ್ಲಮ್ಮ. ಆವತ್ತು ಸುಳ್ಳು ಹೇಳ್ದೆ. ಯಾರೂ ಕೊಟ್ಟಿಲ್ಲ. ಆ ಮಾತ್ರೆನೇ ಅವಳಿಗೆ ಆಗ್ತಿಲ್ಲ."

ಗಲಾಟೆ ಕೇಳಿ ಡಾಕ್ಟರ್ ಮಾ ಬಂದರು. ಅಣ್ಣ ಮತ್ತೆ ಮೊದಲಿನಿಂದ ಹೇಳಿದ. ಡಾಕ್ಟರ್ ತಾಳ್ಮೆಯಿಂದಲೇ ಕೇಳಿದರು, ಆದರೆ ನಂಬಿಕೆಯ ಮುಖವಲ್ಲ ಅದು. ಸಿಕ್ಕಿಬಿದ್ದ ಅಜ್ಜಂದಿರು ಆಮೇಲೆ ಮಾತು ತಿರುಗಿಸುವುದನ್ನು ಅವರು ಎಷ್ಟು ಕಂಡಿದ್ದರೋ.

"ಅಜ್ಜ, ನೀವು ಬೇರಿನ ಹೆಸರು ಸಮೇತ ಹೇಳಿದ್ರಿ."

"ನಲವತ್ತು ವರ್ಷ ಕುದಿಸಿದೀನಿ ಡಾಕ್ಟರೆ. ಸುಳ್ಳು ಕಷಾಯಕ್ಕೂ ಬೇರು ಯಾವ್ದು ಅಂತ ಹೇಳೋದು ನನಗೆ ಕಷ್ಟ ಅಲ್ಲ."

"ಅಂದ್ರೆ?" ಯೊನ್‌ಸುವಿನ ದನಿ ಒಡೆಯಿತು. "ಆವತ್ತಿಂದು ನಂಬಲಾ, ಇವತ್ತಿಂದು ನಂಬಲಾ? ಬೀದಿಯವರು ಆಡ್ಕೊಳ್ತಾರೆ ಅಂತ ಈಗ ಮಾತು ತಿರುಗಿಸ್ತೀರಾ? ಈ ಮಾತ್ರೆ ಇಲ್ಲದಿದ್ರೆ ಅವಳ ಕರುಳು ಉಳಿಯಲ್ಲ ಮಾವ, ಗೊತ್ತಾ ನಿಮಗೆ?"

ನಾನು ನನ್ನ ಮಂಡಿಯ ಕಥೆ ಹೇಳಿದೆ. ಅತ್ತಿಗೆ ಅಳುತ್ತಾ ಹೌದೆಂದಳು. ನಮ್ಮ ಮಾತು ಯೊನ್‌ಸುವಿಗೆ ಹಿರಿಯರೆಲ್ಲ ಸೇರಿ ಹೂಡಿದ ಆಟದಂತೆ ಕೇಳಿಸಿರಬೇಕು. ನಂಬದ್ದಕ್ಕೆ ಅವಳನ್ನು ದೂರಲಾರೆ. ಅಣ್ಣ ಆಸ್ಪತ್ರೆಯ ನೆಲದ ಮೇಲೆ ಸೊಸೆಯ ಮುಂದೆ ಮಂಡಿಯೂರಿದ. ಮಾವನೊಬ್ಬ ಸೊಸೆಗೆ ಹಾಗೆ ಮಾಡುವುದನ್ನು ನಾನು ಮೊದಲು ಕಂಡಿರಲಿಲ್ಲ, ಅವಳೂ ಕಂಡಿರಲಿಲ್ಲ. ಆದರೂ ಅವಳು ಮಗಳ ಕಡೆ ತಿರುಗಿ ಲೋಟ ಮುಂದೆ ಚಾಚಿದಳು.

"ನುಂಗು ಕಂದ."

ಸೋದಮ್ ಮುಷ್ಟಿ ಮುಚ್ಚಿದಳು.

"ಅಮ್ಮಾ, ಅಜ್ಜ ನನಗೆ ಏನೂ ಕೊಟ್ಟಿಲ್ಲ."

ಯೊನ್‌ಸು ಲೋಟವನ್ನು ಕೆಳಗಿಟ್ಟಳು.

"ಅಜ್ಜೀನೂ ಕೊಟ್ಟಿಲ್ಲ. ನಾನು ಕಷಾಯ ಕುಡಿದೇ ಇಲ್ಲ."

ಡಾಕ್ಟರ್ ಮಂಚದ ಅಂಚಿನಲ್ಲಿ ಕೂತರು. "ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಾ?"

"ಯಾರೂ ಕೇಳಲಿಲ್ಲ." ಹುಡುಗಿ ಟೋಪಿ ಕೆಳಗೆಳೆದುಕೊಂಡಳು. "ಆಮೇಲೆ, ಅಜ್ಜ ಕೊಟ್ಟೆ ಅಂದ್ಮೇಲೆ ನಾನು ಇಲ್ಲ ಅಂದ್ರೆ ಎಲ್ಲರ ಮುಂದೆ ಅಜ್ಜ ಸುಳ್ಳುಗಾರ ಆಗ್ತಾರಲ್ವಾ? ದೊಡ್ಡವರು ಹೇಳಿದ್ದಕ್ಕೆ ಎದುರಾಡಬಾರದು ಅಂತ ಅಮ್ಮಾನೇ ಹೇಳಿದಾರೆ."

ನಮ್ಮಲ್ಲಿ ಒಳ್ಳೆಯ ಮಗು ಎಂದರೆ ಹೀಗೆಯೇ. ಆ ಒಳ್ಳೆಯತನಕ್ಕೆ ನನ್ನ ಧಿಕ್ಕಾರವಿರಲಿ. ಇಷ್ಟು ಜನ ಹಿರಿಯರು ಅವಳ ಹೊಟ್ಟೆಯೊಳಗೆ ಏನು ಹೋಯಿತು ಎಂದು ತಲೆ ಕೆಡಿಸಿಕೊಂಡೆವು, ಆ ಹೊಟ್ಟೆಯ ಒಡತಿಯನ್ನು ಮಾತ್ರ ಕೇಳಲಿಲ್ಲ.

ಡಾಕ್ಟರ್ ಅವಳ ಮುಷ್ಟಿ ಬಿಡಿಸಿ ಮಾತ್ರೆ ತೆಗೆದುಕೊಂಡರು. ತಾವೂ ಕೇಳಬೇಕಿತ್ತು ಎಂದು ಮಗುವಿಗೇ ಹೇಳಿದರು. ಆಮೇಲೆ ಹೊರಗೆ ನಮ್ಮನ್ನು ನಿಲ್ಲಿಸಿ ವಿವರಿಸಿದರು. ಮೊದಲು ನೋಡಿದ ಜೀನ್, ಪಶ್ಚಿಮದ ಮಕ್ಕಳಲ್ಲಿ ಹೆಚ್ಚಾಗಿ ಕೆಡುವಂಥದ್ದು. ನಮ್ಮ ಜನರಲ್ಲಿ ಅದು ಸರಿಯಿದ್ದರೂ ಕೆಲವರಿಗೆ ಈ ಮಾತ್ರೆ ವಿಷವಾಗುತ್ತಿದೆ, ಇನ್ನೊಂದು ಜೀನ್ ಇರಬೇಕೆಂದು ರಾಜಧಾನಿ ಸೋಲ್‌ನ ವೈದ್ಯರು ಈಚೆಗೆ ಹೇಳುತ್ತಿದ್ದಾರೆ. ಅಂಥವರಿಗೆ ಮೊದಲು ಕೂದಲೇ ಉದುರುತ್ತದಂತೆ.

"ಕಷಾಯ ಅಂತ ಕೇಳಿದ ಮೇಲೆ ನಾನು ಆ ಕಡೆ ಯೋಚನೆ ಮಾಡೋದನ್ನೇ ಬಿಟ್ಟೆ," ಎಂದರು. "ಸೋಲ್‌ಗೆ ರಕ್ತ ಕಳಿಸ್ತೀನಿ. ಅಲ್ಲೀವರೆಗೂ ಈ ಮಾತ್ರೆ ಇಲ್ಲ."

"ಅಲ್ಲೀವರೆಗೂ ಕರುಳು?" ಎಂದಳು ಯೊನ್‌ಸು.

ಡಾಕ್ಟರ್ ಸುಳ್ಳು ಹೇಳಲಿಲ್ಲ. "ಕಷ್ಟ ಇದೆ," ಎಂದರು.

ಆ ಕಷ್ಟವನ್ನು ನೋಡಿದ್ದೇವೆ. ಮೂರನೇ ದಿನಕ್ಕೇ ರಕ್ತ ಮತ್ತೆ ಕಾಣಿಸಿತು. ಹುಡುಗಿ ಮಂಡಿಯನ್ನು ಗದ್ದಕ್ಕೆ ತಂದುಕೊಂಡು ಮಲಗುತ್ತಿದ್ದಳು, ನೋವು ಬಂದಾಗ ಹಾಸಿಗೆಯ ಕಬ್ಬಿಣ ಹಿಡಿಯುತ್ತಿದ್ದಳು. ಇದಕ್ಕಿಂತ ಬಲವಾದ ಔಷಧಿಯೊಂದಿತ್ತು, ನರಕ್ಕೆ ಹನಿಸುವಂಥದ್ದು, ಆದರೆ ಹಳದಿ ಮಾತ್ರೆ ಆಗುವುದೇ ಇಲ್ಲ ಎಂದು ಖಾತ್ರಿಯಾಗದೆ ಅದಕ್ಕೆ ಸರ್ಕಾರಿ ವಿಮೆಯ ಒಪ್ಪಿಗೆ ಸಿಗುತ್ತಿರಲಿಲ್ಲ. ಕರುಳಿನ ತುಂಡೊಂದನ್ನು ಕತ್ತರಿಸಿ ತೆಗೆಯಬೇಕಾದೀತು ಎಂದು ಶಸ್ತ್ರಚಿಕಿತ್ಸೆಯವರು ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ಹೋದರು. ಎಲ್ಲವೂ ಸೋಲ್‌ನಿಂದ ಬರಬೇಕಾದ ಒಂದು ಮಾತಿನ ಮೇಲೆ ನಿಂತಿತ್ತು.

ಅಣ್ಣ ಮಳಿಗೆ ಮುಚ್ಚಿ ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನಾನು ಡಬ್ಬಿಯಲ್ಲಿ ಶಾವಿಗೆ ಒಯ್ದರೆ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಯೊನ್‌ಸು ಹೊರಗೆ ಬಂದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಮಾವನೆದುರು ನಿಂತು ಮೆತ್ತಗೆ ಹೇಳಿದಳು.

"ಮಗಳು ನಿಮ್ಮನ್ನ ಉಳಿಸೋಕೆ ಸುಳ್ಳು ಹೇಳಿದಾಳೆ ಅಂತ ಒಂದೊಂದ್ಸಲ ಅನ್ನಿಸುತ್ತೆ ಮಾವ. ಅವಳೂ ನಿಮ್ಮ ಮೊಮ್ಮಗಳೇ ತಾನೆ. ಆ ಜೀನ್ ಸರಿಯಾಗೇ ಇದೆ ಅಂತ ಬಂದ್ರೆ, ಈ ದಿನಗಳನ್ನ ನೀವು ಅವಳ ಕರುಳಿಂದ ಕಿತ್ಕೊಂಡ ಹಾಗೆ. ಆಗ ನಾನು ನಿಮ್ಮನ್ನ ಕ್ಷಮಿಸಲ್ಲ."

"ಕ್ಷಮಿಸಬೇಡಮ್ಮ," ಎಂದ ಅಣ್ಣ.

ಅವಳು ಒಳಗೆ ಹೋದ ಮೇಲೆ ಅವನು ನನ್ನನ್ನು ಕೇಳಿದ, "ತಂಗಿ, ನಾನು ನಿಜ ಹೇಳ್ದೆ ಅಲ್ವಾ? ನನಗೇ ಅನುಮಾನ ಬರ್ತಿದೆ. ಎಲ್ಲದಕ್ಕೂ ನಾನೇ ನಾನೇ ಅಂದೂ ಅಂದೂ, ಯಾವುದು ನಾನು ಮಾಡಿದ್ದು ಯಾವುದು ಅಲ್ಲ ಅಂತ ಗುರುತೇ ಸಿಗ್ತಿಲ್ಲ." ನಾನು ಅವತ್ತು ಅವನನ್ನು ಬೈಯಲಿಲ್ಲ. ಅವನ ಪಕ್ಕ ಕೂತೆ. ನೀನು ಕೊಟ್ಟಿಲ್ಲ, ಎಂದು ಎರಡು ಮೂರು ಸಲ ಹೇಳಿದೆ.

ಒಂದು ಬೆಳಿಗ್ಗೆ ಡಾಕ್ಟರ್ ಮಾ ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಹೋಸಿಕ್ ಪಾಳಿ ಬಿಟ್ಟು ಬಂದಿದ್ದ. ಸೋದಮ್‌ಳನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಅವಳ ಮುಂದೆಯೇ ಹೇಳುತ್ತೇನೆ, ಅವಳ ಮೈಯ ವಿಷಯ, ಎಂದರು ಡಾಕ್ಟರ್. ನನ್ನನ್ನು ಯಾರೂ ಕರೆದಿರಲಿಲ್ಲ, ಅತ್ತಿಗೆ ನನ್ನ ಕೈ ಬಿಡದ ಕಾರಣ ನಾನೂ ಬಾಗಿಲ ಬಳಿ ನಿಂತಿದ್ದೆ.

"ಆ ಎರಡನೇ ಜೀನ್ ಕೆಟ್ಟಿದೆ," ಎಂದರು. "ಜೋಡಿಯಲ್ಲಿ ಒಂದು ಕೆಟ್ಟಿದ್ರೆ ಮಾತ್ರೆ ಕಮ್ಮಿ ಮಾಡಿ ನೋಡಬಹುದಿತ್ತು. ಇವಳಿಗೆ ಎರಡೂ ಕೆಟ್ಟಿದೆ. ಆವತ್ತು ಆ ಅರ್ಧ ಮಾತ್ರೆ ಕೊಟ್ಟು ಹಾಗೇ ಮುಂದುವರಿಸಿದ್ರೆ, ಈ ಸಲ ಅವಳನ್ನ ಉಳಿಸ್ಕೊಳ್ತಿದ್ವಿ ಅಂತ ನಾನು ಹೇಳಲಾರೆ. ಇನ್ನು ಮೇಲೆ ಆ ಮಾತ್ರೆ ಅವಳ ಹತ್ತಿರಕ್ಕೂ ಬರಬಾರದು. ನರಕ್ಕೆ ಹನಿಸೋ ಔಷಧಿಗೆ ಒ‍ಪ್ಪಿಗೆ ಸಿಕ್ಕಿದೆ, ಇವತ್ತೇ ಶುರು."

ಹೋಸಿಕ್ ಗೋಡೆಗೆ ಒರಗಿದ. ಅತ್ತಿಗೆ ಅಳು ಹೊರಬರದಂತೆ ಅಂಗಿಯ ತೋಳನ್ನೇ ಕಚ್ಚಿಕೊಂಡಳು. ಯೊನ್‌ಸು ಮಾತ್ರ ಡಾಕ್ಟರನ್ನೇ ನೋಡುತ್ತಿದ್ದಳು.

"ಎರಡೂ ಅಂದ್ರೆ? ಎಲ್ಲಿಂದ ಬಂತು?"

"ಒಂದು ಅಪ್ಪನ ಕಡೆಯಿಂದ, ಒಂದು ಅಮ್ಮನ ಕಡೆಯಿಂದ. ಒಂದೇ ಇರೋರಿಗೆ ಏನೂ ಗೊತ್ತಾಗಲ್ಲ. ಇದು ಯಾರ ತಪ್ಪೂ ಅಲ್ಲ."

ಕೊನೆಯ ಮಾತು ಅವಳಿಗೆ ಕೇಳಿಸಲಿಲ್ಲ. ಅವಳು ನಿಧಾನವಾಗಿ ಮಾವನ ಕಡೆ ತಿರುಗಿದಳು. ಇಷ್ಟು ದಿನ ಬಾಗಿಲ ಹೊರಗೆ ನಿಲ್ಲಿಸಿದ ಮನುಷ್ಯನನ್ನು, ದಿಕ್ಕು ಕಾಣದ ಹುಡುಗಿಯಂತೆ ಕೇಳಿದಳು.

"ನನ್ನಿಂದಲೂನಾ ಮಾವ?"

ಅವಳಿಗೆ ಬೇಕಾಗಿದ್ದ ಉತ್ತರ ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಣ್ಣನ ಬಾಯಿ ತೆರೆದದ್ದನ್ನು ಕಂಡೆ. ಇಲ್ಲಮ್ಮ, ಎಲ್ಲಾ ನಮ್ಮ ಕಡೆಯದೇ, ನನ್ನದೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ನನಗೆ ಅದು ಕಾಣಿಸಿದಂತೆಯೇ ಆಯಿತು. ಅವನ ಕಾಲು ತುಳಿಯಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಸೋದಮ್ ಗಾಲಿಕುರ್ಚಿಯಿಂದ ಅಜ್ಜನನ್ನೇ ದಿಟ್ಟಿಸುತ್ತಿದ್ದಳು. ಅವನು ಅವಳನ್ನು ನೋಡಿದ, ಬಾಯಿ ಮುಚ್ಚಿದ.

"ಹೌದಮ್ಮ," ಎಂದ. "ನಿನ್ನಿಂದಲೂ ಬಂದಿದೆ. ನಮ್ಮಿಂದಲೂ ಬಂದಿದೆ."

ಮಗು ಮಲಗಿದಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಯೊನ್‌ಸು, ಮಾವನ ಅಂಗಿಯ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ಅವನು ತೋಳನ್ನು ಅವಳಿಗೇ ಬಿಟ್ಟು ನಿಂತುಕೊಂಡ. ನರ್ಸ್ ಬಂದು ಔಷಧಿ ಹನಿಸಲು ಸೋದಮ್‌ಳ ಕುರ್ಚಿ ತಳ್ಳಿಕೊಂಡು ಹೋಗುವವರೆಗೂ ಅವಳು ಆ ತೋಳನ್ನು ಬಿಡಲಿಲ್ಲ.